ಸತ್ಯವ್ವನ ತಕರಾರು

ಮುರಗೋಡದ ಆಚೆಯ ಆ ಹಳ್ಳಿಯಲ್ಲಿ ಗ್ರಾಮಸಭೆ ಎಂದರೆ ಸತ್ಯವ್ವ. ಅಧ್ಯಕ್ಷೆ ಅನ್ನಪೂರ್ಣಾ ಠರಾವು ಓದಿ, “ಎಲ್ಲಾರಿಗೂ ಒಪ್ಪಿಗಿ ಐತಿಲ್ರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಚಹಾಕ್ಕೆ ಕೈ ಚಾಚುವಷ್ಟರಲ್ಲಿ ಹಿಂದಿನಿಂದ ದನಿ ಏಳುತ್ತದೆ: “ತಡೀರಿ ಅಧ್ಯಕ್ಷರ, ನಂದೊಂದು ತಕರಾರ ಐತಿ!” ಚರಂಡಿಗೂ ತಕರಾರು, ಬೀದಿದೀಪಕ್ಕೂ ತಕರಾರು, ಸ್ವಾಗತಗೀತೆಗೂ ಒಮ್ಮೆ ಕೈ ಎತ್ತಿಸಿ ಮತ ಕೇಳಿದವಳು. ಮಂಡಿನೋವು ಎಷ್ಟಿದ್ದರೂ ವಿಷಯ ಮಂಡಿಸುವುದು ಎದ್ದು ನಿಂತೇ. “ಸತ್ಯಕ್ಕ ಎದ್ದಳು, ಚಾ ಆರಿತು” ಎಂದು ಜನ ನಗುತ್ತಾರೆ. ಈ ಸಲದ ಠರಾವು ಅವಳ ಮನೆಯ ರಸ್ತೆಯದೇ. ಮಳೆಗಾಲವಿಡೀ ಕೆಸರು ತುಳಿಯುತ್ತ ಅವಳು ವರ್ಷಗಟ್ಟಲೆ ಹಂಬಲಿಸಿದ ರಸ್ತೆ. ಇವತ್ತಾದರೂ ಸುಮ್ಮನಿರುತ್ತಾಳೆಂದು ಅನ್ನಪೂರ್ಣಾ ಅಂದುಕೊಳ್ಳುವ ಮೊದಲೇ ಸತ್ಯವ್ವ ಎದ್ದಳು. “ರಸ್ತಾಕ್ಕ ಹೊಲದಾಗ ಜಾಗಾ ಬಿಡಬೇಕಾದಾಂವ ಭೀಮಶಿ. ಅಂವನ್ನ ಯಾರರೆ ಕೇಳೀರೇನು?” ಅವಳೊಡನೆ ಎಂದೋ ಮಾತು ಬಿಟ್ಟಿದ್ದ ಭೀಮಶಿ ಬಾಗಿಲಲ್ಲೇ ನಿಂತು, “ನನಗ ಒಪ್ಪಿಗಿ ಇಲ್ರಿ” ಎಂದ. ಠರಾವು ಬಿತ್ತು. ಅನ್ನಪೂರ್ಣಾ ತನಗರಿವಿಲ್ಲದೆ ಕುರ್ಚಿಯಿಂದ ಎದ್ದು ನಿಂತಳು. “ಹಾಂ, ಈಗ ಸಭಾ ಆತ್ ನೋಡ್ ತಂಗಿ” ಎಂದ ಸತ್ಯವ್ವ, ಸೀರೆ ಎತ್ತಿ ಕಟ್ಟಿ, ಮನೆಯ ಕಡೆಗೆ ಕೆಸರಿಗಿಳಿದಳು.