ಹನ್ನೊಂದು ವರ್ಷ ಕೇಳದ ಪ್ರಶ್ನೆ

ಕೋವಿಡ್ ಗಲಾಟೆ ಮುಗಿದ ಎರಡನೆಯ ವರ್ಷ. ಬರ್ಮಿಂಗ್‌ಹ್ಯಾಮಿನ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ನಾನು ಸೀನಿಯರ್ ಬಯೋಮೆಡಿಕಲ್ ಸೈಂಟಿಸ್ಟ್ ಆಗಿದ್ದೆ. ನಿವೃತ್ತಿಗೆ ಐದು ತಿಂಗಳು ಬಾಕಿ ಇತ್ತು. ಧಾರವಾಡದಲ್ಲಿ ಬಿ.ಎಸ್‌ಸಿ. ಮುಗಿಸಿ, ಡಾಕ್ಟರ್ ಗಂಡನ ಬೆನ್ನು ಹತ್ತಿ ಈ ದೇಶಕ್ಕೆ ಬಂದವಳು ನಾನು. ಸೊಲಿಹಲ್‌ನ ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಕಾರು ಓಡಿಸುವುದರಲ್ಲೇ ಆಯಸ್ಸು ಸವೆದಿತ್ತು.

ಆಸ್ಪತ್ರೆಯಲ್ಲಿ ಕೆಲಸ ಎಂದರೆ ರೋಗಿಗಳ ನಡುವೆ ಇರುತ್ತೀರಿ ಎಂದು ಎಲ್ಲರೂ ತಿಳಿಯುತ್ತಾರೆ. ಬ್ಲಡ್ ಬ್ಯಾಂಕಿನವರ ಕಥೆಯೇ ಬೇರೆ. ನಮ್ಮ ಲ್ಯಾಬ್ ಇದ್ದದ್ದು ನೆಲಮಾಳಿಗೆಯಲ್ಲಿ. ನಮ್ಮ ಪಾಲಿಗೆ ರೋಗಿ ಎಂದರೆ ಒಂದು ಟ್ಯೂಬು, ಅದರ ಮೇಲೊಂದು ಲೇಬಲ್ಲು. ರೋಗಿಯ ರಕ್ತಕ್ಕೆ ದಾನಿಯ ರಕ್ತ ಒಗ್ಗುತ್ತದೆಯೇ ಎಂದು ಪರೀಕ್ಷಿಸಿ, ಚೀಟಿ ಅಂಟಿಸಿ, ಫ್ರಿಜ್ಜಿನಲ್ಲಿಟ್ಟರೆ ನಮ್ಮ ಕೆಲಸ ಮುಗಿಯಿತು. ಇದಕ್ಕೆ ಕ್ರಾಸ್‌ಮ್ಯಾಚ್ ಎನ್ನುತ್ತಾರೆ. ಆಮೇಲೆ ಪೋರ್ಟರ್‌ಗಳು ಬಂದು ಕಿಟಕಿಯಲ್ಲಿ ಸ್ಲಿಪ್ ಕೊಟ್ಟು ರಕ್ತದ ಪೆಟ್ಟಿಗೆ ಒಯ್ಯುತ್ತಿದ್ದರು.

ಆ ಪೋರ್ಟರ್‌ಗಳಲ್ಲಿ ಒಬ್ಬರು ಕಂಫರ್ಟ್ ಎಂಬ ಹೆಂಗಸು. ಆಫ್ರಿಕಾದ ಘಾನಾದಿಂದ ಬಂದವರು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಕಿಟಕಿಗೆ ಬಂದ ಕೂಡಲೇ ಉಳಿದವರ ಹಾಗೆ ಅವರು ಸ್ಲಿಪ್ ಚಾಚುತ್ತಿರಲಿಲ್ಲ. ಮೊದಲು ಮೂರು ಪ್ರಶ್ನೆ. ರಾತ್ರಿ ನಿದ್ದೆ ಬಂತಾ, ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ, ಕೆಲಸ ಹೇಗೆ ನಡೆದಿದೆ. ನಾನು ಮೂರಕ್ಕೂ ಸೇರಿಸಿ ಒಂದೇ ಉತ್ತರ ಕೊಡುತ್ತಿದ್ದೆ: ಫೈನ್, ಥ್ಯಾಂಕ್ಸ್, ಸ್ಲಿಪ್ ಕೊಡಿ. ಹಿಂದೆ ಫೋನು ಹೊಡೆದುಕೊಳ್ಳುತ್ತಿರುತ್ತದೆ, ಆಪರೇಷನ್ ಥಿಯೇಟರಿನಿಂದ ಅವಸರ, ನಡುವೆ ಈಕೆಯ ಕುಶಲೋಪರಿ. ಒಳ್ಳೆಯ ಹೆಂಗಸು, ಆದರೆ ಮಾತು ಜಾಸ್ತಿ ಎಂದು ಜೊತೆಯವರ ಹತ್ತಿರ ಹೇಳಿಯೂ ಇದ್ದೆ. ಹೀಗೆ ಹನ್ನೊಂದು ವರ್ಷ ಕಳೆಯಿತು.

ಅದೇ ವರ್ಷಗಳಲ್ಲಿ ನಮ್ಮ ಲ್ಯಾಬಿಗೆ ಒಬ್ಬ ಹುಡುಗಿಯ ಸ್ಯಾಂಪಲ್ ಬರುತ್ತಿತ್ತು. ಸಿಕಲ್ ಸೆಲ್ ಕಾಯಿಲೆ. ಈ ಕಾಯಿಲೆಯಲ್ಲಿ ದುಂಡಗಿರಬೇಕಾದ ಕೆಂಪು ರಕ್ತಕಣಗಳು ಕುಡುಗೋಲಿನ ಹಾಗೆ ಬಾಗಿ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಬರುವ ನೋವು ಅನುಭವಿಸಿದವರಿಗೇ ಗೊತ್ತು. ಅದನ್ನು ತಡೆಯಲು ಆರು ವಾರಕ್ಕೊಮ್ಮೆ ಮಶೀನಿನ ಮೂಲಕ ಆಕೆಯ ಕೆಂಪು ಕಣಗಳನ್ನು ತೆಗೆದು ದಾನಿಗಳ ಕಣಗಳನ್ನು ತುಂಬುತ್ತಿದ್ದರು. ಒಂದು ಸಲಕ್ಕೆ ಎಂಟು ಯೂನಿಟ್ ಬೇಕು. ರಕ್ತದ ಗುಂಪು ಎಂದರೆ ಎ, ಬಿ, ಎಬಿ, ಓ ಎಂದಷ್ಟೇ ನಾವು ಶಾಲೆಯಲ್ಲಿ ಕಲಿತಿರುತ್ತೇವೆ. ಅದರೊಳಗೆ ಇನ್ನೂ ಹತ್ತಾರು ಒಳಗುಂಪುಗಳಿವೆ. ಮತ್ತೆ ಮತ್ತೆ ರಕ್ತ ಪಡೆಯುವವರಿಗೆ ಅವೂ ಹೊಂದಬೇಕು. ಈ ಹುಡುಗಿಗೆ ಹೊಂದುವ ಒಳಗುಂಪು ಆಫ್ರಿಕಾ ಮೂಲದವರಲ್ಲೇ ಹೆಚ್ಚು. ಅವರಲ್ಲಿ ದಾನಿಗಳೋ ಬಹಳ ಕಡಿಮೆ. ಹಾಗಾಗಿ ಆ ಹೆಸರಿನ ಟ್ಯೂಬು ಬಂದರೆ ನಾವು ನಿಟ್ಟುಸಿರು ಬಿಡುತ್ತಿದ್ದೆವು. ಎರಡು ಮೂರು ದಿನದ ಕೆಲಸ, ಬೇರೆ ಬೇರೆ ಊರುಗಳಿಗೆ ಫೋನು.

ಅಕ್ಟೋಬರಿನ ಒಂದು ಮಂಗಳವಾರ ಬೆಳಿಗ್ಗೆ ಆ ಹುಡುಗಿಗೆ ಬೇಕಾದ ಎಂಟು ಯೂನಿಟ್‌ಗಳಲ್ಲಿ ಆರೇ ಸಿಕ್ಕಿದ್ದವು. ಅದನ್ನು ಒಯ್ಯಲು ಕಂಫರ್ಟ್ ಕಿಟಕಿಗೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ನಾನು, ರಕ್ತ ಪೂರ್ತಿ ಬಂದಿಲ್ಲ, ಅಪಾಯಿಂಟ್‌ಮೆಂಟ್ ಒಂದು ವಾರ ಮುಂದಕ್ಕೆ ಹೋಗುತ್ತದೆ, ವಾರ್ಡಿಗೆ ನಾನೇ ಫೋನು ಮಾಡುತ್ತೇನೆ ಎಂದೆ. ಅವರು ಖಾಲಿ ಪೆಟ್ಟಿಗೆ ಹಿಡಿದು ನಿಂತೇ ಇದ್ದರು.

"ಫೋನು ಬೇಡ ಮೇಡಂ, ನಾನೇ ಹೋಗಿ ಹೇಳ್ತೀನಿ," ಎಂದರು. "ಅವಳು ನನ್ನ ಮಗಳು."

ಮಗಳು ತಂದೆಯ ಮನೆತನದ ಹೆಸರಿನಲ್ಲಿದ್ದಳು, ತಾಯಿಯ ಬ್ಯಾಡ್ಜಿನಲ್ಲಿ ಕಂಫರ್ಟ್ ಎಂದಷ್ಟೇ ಇತ್ತು. ಗೊತ್ತಾಗದಿರಲು ಕಾರಣ ಅದೇ ಎಂದು ಆ ದಿನವೆಲ್ಲ ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಸಂಜೆ ಊಟದ ಹೊತ್ತಿಗೆ ಗಂಡ ಬಸವರಾಜರಿಗೆ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ಆಕಿ ಹನ್ನೊಂದು ವರ್ಷ ದಿನಾ ನಿನ್ನ ಮನಿ ಸುದ್ದಿ ಕೇಳ್ಯಾಳ. ನೀ ಒಂದು ಸಲನೂ ತಿರುಗಿ ಆಕಿ ಮನಿ ಸುದ್ದಿ ಕೇಳಿಲ್ಲಂದ್ರ, ನೀ ಧಾರವಾಡದಾಕಿ ಹೌದೋ ಅಲ್ಲೋ?"

ನಮ್ಮ ಅಜ್ಜಿ ಬಾಗಿಲಿಗೆ ಬಂದ ಹಾಲಿನವಳನ್ನೂ ಕೂರಿಸಿ, ನೀರು ಬೆಲ್ಲ ಕೊಟ್ಟು, ಮಕ್ಕಳುಮರಿ ಎಲ್ಲ ವಿಚಾರಿಸಿ ಆಮೇಲೆ ಚರಿಗೆ ಚಾಚುತ್ತಿದ್ದಳು. ಆ ಮನೆಯಲ್ಲಿ ಬೆಳೆದ ನಾನು ಅದನ್ನೆಲ್ಲ ಎಲ್ಲಿ ಬಿಟ್ಟು ಬಂದೆನೋ.

ಮರುದಿನ ಟೀ ಬ್ರೇಕಿನಲ್ಲಿ ಕಂಫರ್ಟ್ ಅವರನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಮಗಳ ಹೆಸರು ಎಸಿ. ಟೀಚರ್ ಟ್ರೇನಿಂಗ್ ಮಾಡುತ್ತಿದ್ದಳು, ಅದರ ಭಾಗವಾಗಿ ಒಂದು ಶಾಲೆಯಲ್ಲಿ ಪಾಠ ಮಾಡಬೇಕಿತ್ತು. ರಕ್ತ ತಡವಾದಾಗಲೆಲ್ಲ ನೋವು ಬಂದು ಶಾಲೆ ತಪ್ಪುತ್ತಿತ್ತು. ಇನ್ನೂ ಹೆಚ್ಚು ದಿನ ತಪ್ಪಿದರೆ ಆ ವರ್ಷ ಟ್ರೇನಿಂಗ್ ಅಲ್ಲಿಗೇ ನಿಲ್ಲುತ್ತಿತ್ತು. ಕಂಫರ್ಟ್ ತಾವು ರಕ್ತ ಕೊಡುವ ಹಾಗಿರಲಿಲ್ಲ. ಎಸಿಯನ್ನು ಹೆತ್ತಾಗ ಅವರೇ ರಕ್ತ ಪಡೆದಿದ್ದರು, ಹಾಗೆ ಪಡೆದವರು ಕೊಡಬಾರದೆಂಬುದು ಈ ದೇಶದ ನಿಯಮ. ಅಷ್ಟು ವರ್ಷವೂ ಅವರು ಬೇರೆಯವರ ರಕ್ತದ ಪೆಟ್ಟಿಗೆಗಳನ್ನು ಮಹಡಿಯಿಂದ ಮಹಡಿಗೆ ಹೊತ್ತಿದ್ದರು, ಒಂದು ದಿನವೂ ನಮ್ಮ ಕಿಟಕಿಯಲ್ಲಿ ಮಗಳ ಹೆಸರೆತ್ತಿ ಅವಸರ ಮಾಡಿರಲಿಲ್ಲ. ಯಾಕೆಂದು ಕೇಳಿದೆ. ಉಳಿದವರ ಮಕ್ಕಳೂ ಕಾಯುತ್ತಿರುತ್ತಾರಲ್ಲ ಎಂದರು. ಆಕೆಯ ಮೇಲಿನ ಗೌರವ ಅವತ್ತು ಹುಟ್ಟಿದ್ದು, ಇವತ್ತಿಗೂ ಬೆಳೆಯುತ್ತಲೇ ಇದೆ.

ಸರಿ, ತಪ್ಪು ತಿದ್ದಿಕೊಳ್ಳಲು ಹೊರಟೆ. ಊರಿನ ಹ್ಯಾಂಡ್ಸ್‌ವರ್ತ್ ಬಡಾವಣೆಯಲ್ಲಿ ಘಾನಾದವರು ಪ್ರತಿ ಭಾನುವಾರ ಸೇರುವ ಒಂದು ಪ್ರಾರ್ಥನಾ ಹಾಲ್ ಇತ್ತು. ರಕ್ತದಾನದ ಬಗ್ಗೆ ಮಾತಾಡುತ್ತೇನೆಂದು ಕಂಫರ್ಟ್ ಮೂಲಕ ಹೇಳಿಕಳಿಸಿ, ನವೆಂಬರಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಹೋದೆ. ಅಲ್ಲಿಯ ಹಿರಿಯರು ಮೆನ್ಸಾ ಎಂಬುವರು, ಎಪ್ಪತ್ತೊಂದು ವರ್ಷದ ನಿವೃತ್ತ ಬಸ್ ಡ್ರೈವರ್. ಅವರು ನನಗೆ ಕುರ್ಚಿ ಹಾಕಿಸಿ ನೀರು ತರಿಸಿದರು. ನಾನು ನೀರು ಬೇಡವೆಂದು ಕೈಯಾಡಿಸಿ, ಪ್ಲಗ್ ಎಲ್ಲಿದೆ ಎಂದು ಕೇಳಿದೆ. ಇಪ್ಪತ್ತು ಸ್ಲೈಡು, ನಲವತ್ತು ನಿಮಿಷ. ಕೊನೆಗೆ ಚಪ್ಪಾಳೆ, ರಕ್ತ ಕೊಡುವವರ ಪಟ್ಟಿಯಲ್ಲಿ ನಲವತ್ತೊಂದು ಹೆಸರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ರಕ್ತ ಸಂಗ್ರಹಿಸುವ ತಂಡದವರನ್ನು ಕಾಡಿ ಬೇಡಿ ಜನವರಿಯ ಮೂರನೆಯ ಶನಿವಾರಕ್ಕೆ ಅದೇ ಹಾಲ್‌ನಲ್ಲಿ ಶಿಬಿರ ಗೊತ್ತುಮಾಡಿದೆ. ಕಂಫರ್ಟ್‌ಗೂ ಎಲ್ಲರ ಹಾಗೆ ದಿನಾಂಕ ತಿಳಿಸಿದೆ ಅಷ್ಟೇ, ಆ ದಿನ ಆದೀತೇ ಎಂದು ಕೇಳಲಿಲ್ಲ.

ಶಿಬಿರದ ದಿನ ಇಪ್ಪತ್ತೆಂಟು ಜನ ಮದುವೆಗೆ ಬರುವ ಹಾಗೆ ಬಟ್ಟೆ ಹಾಕಿಕೊಂಡು ಬಂದರು. ನರ್ಸ್ ಕೇಳುವ ಪ್ರಶ್ನೆಗಳಲ್ಲಿ ಒಂದು, ಇತ್ತೀಚೆಗೆ ಮಲೇರಿಯಾ ಇರುವ ದೇಶಕ್ಕೆ ಹೋಗಿದ್ದಿರಾ ಎಂಬುದು. ಹೋಗಿ ಬಂದವರು ನಾಲ್ಕು ತಿಂಗಳು ರಕ್ತ ಕೊಡಬಾರದು. ಇಪ್ಪತ್ತೆಂಟರಲ್ಲಿ ಇಪ್ಪತ್ತೆರಡು ಮಂದಿ ಕ್ರಿಸ್‌ಮಸ್‌ಗೆ ಊರಿಗೆ ಹೋಗಿ ಅದೇ ತಾನೇ ಬಂದಿದ್ದರು. ಒಬ್ಬೊಬ್ಬರಾಗಿ ಅಂಗಿಯ ತೋಳು ಇಳಿಸಿಕೊಂಡು ಎದ್ದು ಹೋದರು, ಉಳಿದವರು ಆರೇ. ಬಾರದ ಹದಿಮೂರು ಜನ ಯಾರದೋ ಶವಸಂಸ್ಕಾರದಲ್ಲಿದ್ದರು. ಅವರಲ್ಲಿ ಅದು ನಡೆಯುವುದೇ ಶನಿವಾರ. ಮಲೇರಿಯಾ ನಿಯಮ ನನಗೆ ಬಾಯಿಪಾಠ, ಹದಿನಾಲ್ಕನೆಯ ಸ್ಲೈಡಿನಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿಯೂ ಇದ್ದೆ. ಆದರೆ ಜನವರಿಯಲ್ಲಿ ಈ ಜನ ಎಲ್ಲಿಂದ ಬಂದಿರುತ್ತಾರೆ ಎಂದು ಯಾರನ್ನೂ ಕೇಳಿರಲಿಲ್ಲ. ನಾನೇ ಎಷ್ಟೋ ಸಲ ಡಿಸೆಂಬರಿನಲ್ಲಿ ಧಾರವಾಡಕ್ಕೆ ಓಡಿದವಳು, ನನಗೇ ಹೊಳೆಯಲಿಲ್ಲ.

ಮೆನ್ಸಾ ಅವರು ಸಿಟ್ಟಾಗಲಿಲ್ಲ. ಮಡಚಿದ ಕುರ್ಚಿಗಳನ್ನು ನನ್ನ ಜೊತೆ ಜೋಡಿಸುತ್ತ ಮೆಲ್ಲಗೆ ಹೇಳಿದರು: "ನೀವು ಆವತ್ತು ನಮಗೆ ಹೇಳೋಕೆ ಬಂದಿದ್ರಿ ಮೇಡಂ. ಕೇಳೋಕೆ ಬಂದಿದ್ರೆ ನಾವೇ ಹೇಳ್ತಿದ್ವಿ."

ಅದಾದ ಹತ್ತು ದಿನಕ್ಕೆ ಎಸಿಗೆ ಹೊಂದುವ ರಕ್ತ ಮತ್ತೆ ಪೂರ್ತಿ ಸಿಗಲಿಲ್ಲ. ಅವಳು ನೋವಿನಿಂದ ವಾರ್ಡ್ ಸೇರಿದಳು, ಒಂಬತ್ತು ದಿನ ಇದ್ದಳು. ಟ್ರೇನಿಂಗ್ ನಿಂತಿತು. ಶಾಲೆಯಲ್ಲಿ ಉಳಿದ ದಿನಗಳನ್ನು ಸೆಪ್ಟೆಂಬರಿನಲ್ಲಿ ಪೂರೈಸಬಹುದು, ಆಗಲೂ ತಪ್ಪಿದರೆ ಮತ್ತೆ ಅವಕಾಶವಿಲ್ಲ ಎಂದು ಕಾಲೇಜಿನವರು ಹೇಳಿದರು. ನಲವತ್ತು ವರ್ಷದ ವೃತ್ತಿಯಲ್ಲಿ ನಾನು ಒಬ್ಬ ರೋಗಿಯನ್ನು ನೋಡಲು ಮಹಡಿ ಹತ್ತಿದ್ದು ಆವಾಗಲೇ ಮೊದಲು. ಹಾಸಿಗೆಯಲ್ಲಿ ತೆಳ್ಳಗಿನ ಹುಡುಗಿ, ಮಡಿಲಲ್ಲಿ ಎರಡನೆಯ ಕ್ಲಾಸಿನ ಮಕ್ಕಳ ಬರವಣಿಗೆಯ ಪುಸ್ತಕಗಳು. ಬಿಟ್ಟ ಶಾಲೆಯ ಪುಸ್ತಕ ಏಕೆ ತಿದ್ದುತ್ತಿದ್ದೀ ಎಂದು ಕೇಳಿದೆ. ಅರ್ಧ ತಿದ್ದಿ ಕೊಟ್ಟರೆ ಮಕ್ಕಳಿಗೆ ಬೇಜಾರಾಗುತ್ತದೆ ಎಂದಳು. ಲಿಫ್ಟಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ.

ಫೆಬ್ರವರಿಯಲ್ಲಿ ಮತ್ತೆ ಹಾಲ್‌ಗೆ ಹೋದೆ. ಲ್ಯಾಪ್‌ಟಾಪ್ ಮನೆಯಲ್ಲೇ ಬಿಟ್ಟಿದ್ದೆ. ಕುರ್ಚಿ ಬಂತು, ಕೂತೆ. ನೀರು ಬಂತು, ಪೂರ್ತಿ ಕುಡಿದೆ. ಆಮೇಲೆ ಮೆನ್ಸಾ ಅವರು ಎಲ್ಲರ ಪರವಾಗಿ, ನೀವು ಬಂದ ಕಾರಣವೇನು ಎಂದು ಗಂಭೀರವಾಗಿ ಕೇಳಿದರು. ಕಾರಣ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಬಂದವರು ಬಾಯಿಬಿಟ್ಟು ಹೇಳಬೇಕು, ಕೂತವರು ಕೇಳಬೇಕು, ಆಮೇಲೇ ಮುಂದಿನ ಮಾತು. ಅದು ಅವರ ಪದ್ಧತಿ. ನಾನು ಕಿಟಕಿಯ ಕಥೆಯಿಂದ ಹಿಡಿದು ಎಲ್ಲ ಹೇಳಿದೆ, ನನ್ನ ತಪ್ಪನ್ನೂ ಮುಚ್ಚಿಡಲಿಲ್ಲ. ಹಿಂದಿನ ಸಾಲಿನಲ್ಲಿ ಕಂಫರ್ಟ್ ತಲೆ ತಗ್ಗಿಸಿ ಕೂತಿದ್ದರು.

ಆಮೇಲೆ ಮೆನ್ಸಾ, ನೀವು ಹುಟ್ಟಿದ್ದು ಯಾವ ವಾರ ಎಂದು ಕೇಳಿದರು. ಸೋಮವಾರ ಎಂದೆ. ಸೋಮವಾರ ಹುಟ್ಟಿದ ಹೆಣ್ಣು ನಮ್ಮಲ್ಲಿ ಅಜುವಾ, ಇನ್ನು ನೀವು ಅಜುವಾ ಎಂದರು. ನಮ್ಮಲ್ಲೂ ಹಾಗೇ, ನಮ್ಮಜ್ಜಿ ನನಗೆ ಸೋಮವ್ವ ಎಂದು ಹೆಸರಿಟ್ಟಿದ್ದಳು, ಹಳ್ಳಿಗಾಡಿನ ಹೆಸರೆಂದು ನಾಚಿ ಕಾಲೇಜಿನಲ್ಲಿ ಸುಮಾ ಮಾಡಿಕೊಂಡೆ ಎಂದು ಹೇಳಿಬಿಟ್ಟೆ. ಈ ದೇಶದಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ. ಹಾಲ್ ತುಂಬ ನಗು. ಅಲ್ಲಿಂದ ಎರಡು ಗಂಟೆ ಅವರು ಮಾತಾಡಿದರು, ನಾನು ಬರೆದುಕೊಂಡೆ. ಯಾರು ಯಾವಾಗ ಊರಿಗೆ ಹೋಗುತ್ತಾರೆ, ಶನಿವಾರ ಯಾಕಾಗದು, ಯಾರದು ರಾತ್ರಿ ಪಾಳಿ, ಯಾವ ಹೆಂಗಸರಿಗೆ ರಕ್ತಹೀನತೆ. ಶಿಬಿರದ ದಿನವನ್ನು ಅವರೇ ಗೊತ್ತುಮಾಡಿದರು: ಜೂನ್ ತಿಂಗಳು, ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ.

ಮಾರ್ಚಿನಲ್ಲಿ ನಿವೃತ್ತಳಾದೆ. ಅಲ್ಲಿಂದ ಜೂನ್‌ವರೆಗೆ ಪ್ರತಿ ಭಾನುವಾರ ಆ ಹಾಲ್‌ನಲ್ಲೇ ಇದ್ದೆ. ಬೀಪಿ ನೋಡುವುದು, ಫಾರ್ಮ್ ತುಂಬಿಸುವುದು, ಹೆಚ್ಚುಪಾಲು ಸುಮ್ಮನೆ ಕೂತು ಮಾತಾಡುವುದು. ಒಂಟಿ ಮುದುಕಿಯರ ಮನೆಗೆ ಪಾಳಿ ಹಾಕಿಕೊಂಡು ಊಟ ಒಯ್ಯುವ ಜನ ಅವರು. ಹನ್ನೆರಡು ಗಂಟೆ ವೃದ್ಧರ ಕೇರ್ ಹೋಮಿನಲ್ಲಿ ದುಡಿದು ನೇರ ಹಾಲ್‌ಗೆ ಬಂದು ಕುರ್ಚಿ ಜೋಡಿಸುವವರು. ನಾವು ಟಿವಿಡೇಲ್ ಎಂಬಲ್ಲಿರುವ ನಮ್ಮ ದೇವಸ್ಥಾನಕ್ಕೆ ಹೋಗಿ, ಪ್ರಸಾದ ತಿಂದು, ಕಾರು ಹತ್ತಿ ಬರುತ್ತಿದ್ದುದು ನೆನಪಾಗಿ ನನಗೇ ಮುಜುಗರವಾಗುತ್ತಿತ್ತು.

ಜೂನ್ ಶಿಬಿರಕ್ಕೆ ಮೂವತ್ತನಾಲ್ಕು ಮಂದಿ ಬಂದರು. ಇಪ್ಪತ್ತಾರು ಮಂದಿ ಕೊಟ್ಟರು. ಹೊಸದಾಗಿ ದಾನಿಯಾಗುವ ವಯಸ್ಸು ಮೀರಿದ್ದ ಮೆನ್ಸಾ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಪ್ರತಿಯೊಬ್ಬರನ್ನೂ ಅವರು ಹುಟ್ಟಿದ ವಾರದ ಹೆಸರಿನಿಂದ ಕರೆದು, ಮನೆಯ ಕ್ಷೇಮ ಕೇಳಿ ಒಳಗೆ ಬಿಟ್ಟರು. ನರ್ಸ್ ಎರಡು ಸಲ ಗಡಿಯಾರ ನೋಡಿದಳು. ಮೂರನೆಯ ಸಲ ನೋಡಲಿಲ್ಲ, ತಾನು ಗುರುವಾರದವಳು ಎಂದು ಅವರಿಗೆ ಹೇಳಿ ಬಂದಳು. ಆ ಬಳಿಕ ಮೂರು ನಾಲ್ಕು ತಿಂಗಳಿಗೊಮ್ಮೆ ಶಿಬಿರ ನಡೆಯುತ್ತಿದೆ. ಯಾರ ರಕ್ತ ಯಾರಿಗೆ ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ, ತಿಳಿಯಲೂಬಾರದು. ನನಗೆ ಗೊತ್ತಿರುವುದು ಇಷ್ಟೇ: ಆ ಬೇಸಿಗೆಯಿಂದ ಈಚೆಗೆ ಎಸಿಯ ಅಪಾಯಿಂಟ್‌ಮೆಂಟ್ ಒಂದೂ ಮುಂದೆ ಹೋಗಿಲ್ಲ. ಸೆಪ್ಟೆಂಬರಿನಲ್ಲಿ ಶಾಲೆಗೆ ಮರಳಿದವಳು ಒಂದು ದಿನವನ್ನೂ ತಪ್ಪಿಸದೆ ಟ್ರೇನಿಂಗ್ ಮುಗಿಸಿದಳು.

ನನ್ನ ಕೆಲಸ ಕಲಿಸಿದ್ದೇನು ಎಂದು ಕೇಳಿದರೆ ಹೇಳುತ್ತೇನೆ. ರಕ್ತ ಹೊಂದಿಸುವ ವಿದ್ಯೆಯನ್ನು ನಾನು ಲ್ಯಾಬಿನಲ್ಲಿ ಚೆನ್ನಾಗಿಯೇ ಕಲಿತೆ. ಆದರೆ ಆ ಟ್ಯೂಬಿನ ಹಿಂದೆ ಇರುವವರನ್ನು ವಿಚಾರಿಸಲು ಕಲಿಸಿದ್ದು ಒಬ್ಬ ಪೋರ್ಟರ್, ಅದೂ ನಾನು ಹೊರಡುವ ಹೊತ್ತಿಗೆ.

ಎಸಿ ತನ್ನದೇ ಕ್ಲಾಸಿಗೆ ಟೀಚರ್ ಆಗಿ ಹೋದ ಮೊದಲ ದಿನ ಬೆಳಿಗ್ಗೆ ಕಂಫರ್ಟ್ ಫೋನು ಮಾಡಿದರು. ಅವರು ಶುರುಮಾಡುವ ಮೊದಲೇ, ರಾತ್ರಿ ನಿದ್ದೆ ಬಂತಾ ಎಂದು ನಾನೇ ಕೇಳಿದೆ.

"ಇಲ್ಲ ಅಜುವಾ, ಕಣ್ಣೇ ಮುಚ್ಚಲಿಲ್ಲ," ಎಂದರು. "ಅವಳ ಒಂದೇ ಅಂಗೀನ ಮೂರು ಸಲ ಇಸ್ತ್ರಿ ಮಾಡಿದೆ. ಇರಲಿ, ನಿಮ್ಮ ಮನೇಲಿ ಎಲ್ಲರೂ ಹೇಗಿದ್ದಾರೆ?"

ಸ್ಟೋವ್ ಆರಿಸಿ, ಕುರ್ಚಿ ಎಳೆದುಕೊಂಡು ಕೂತು, ಒಬ್ಬೊಬ್ಬರದೂ ಹೇಳಿದೆ.