ಗೇಟು ದಾಟಿದ ಟ್ರ್ಯಾಕ್ಟರು

ಗೆಳೆಯರೇ, ಬೆಳಿಗ್ಗೆ ಹಾಕಿದ್ದ ಟ್ರ್ಯಾಕ್ಟರ್ ವಿಡಿಯೋ ಅಳಿಸಿದ್ದೇನೆ. ಹಂಚಿಕೊಂಡವರೂ ಅಳಿಸಿಬಿಡಿ.

ಕೆನಡಾದ ಮಿಸಿಸಾಗದ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಹಿಮ ತೆಗೆಯುವವನು ಹುಬ್ಬಳ್ಳಿಯ ಮೌನೇಶ. ಡಯಾಲಿಸಿಸ್‌ಗೆ ಹೊರಟ ಪಕ್ಕದ ಮನೆಯ ಅಜ್ಜಿ ವಾಕರ್ ಹಿಡಿದು ಗೇಟಿನಲ್ಲೇ ಸಿಕ್ಕಿಬಿದ್ದಿದ್ದಳು. ಇವನು ಹಿಮ ತೆಗೆಯುವ ತನ್ನ ಪುಟ್ಟ ಟ್ರ್ಯಾಕ್ಟರನ್ನು ಗೇಟು ದಾಟಿಸಿ, ಸೊಂಟದೆತ್ತರದ ಹಿಮ ಸೀಳಿ, ಬಸ್‌ಸ್ಟಾಪಿನವರೆಗೆ ದಾರಿ ಮಾಡಿಕೊಟ್ಟ.

“ಸರ, ವಿಡಿಯೋ ಹಾಕಬ್ಯಾಡ್ರಿ. ಗೇಟಿನ ಹೊರಗ ಕಂಪನಿ ಗಾಡಿ ಒಯ್ಯಂಗಿಲ್ಲ,” ಅಂದ.

“ಹೆದರ್ಬೇಡ ಕಣಯ್ಯ, ಜನ ನಿನ್ನ ಜೊತೆಗಿದ್ದಾರೆ,” ಎಂದು ಹಾಕಿಯೇಬಿಟ್ಟೆ.

ಮಧ್ಯಾಹ್ನಕ್ಕೆ ಅವನ ಕೆಲಸ ಹೋಯಿತು. ಕಂಪನಿಯ ಮಾಲೀಕನಿಗೆ ಫೋನಿನಲ್ಲಿ ಕೂಗಾಡಿದೆ. “ಥ್ಯಾಂಕ್ಯೂ ಸರ್, ಯುವರ್ ವಿಡಿಯೋ ವಾಸ್ ವೆರಿ ಕ್ಲಿಯರ್,” ಅಂದ.

ಮೌನೇಶ ಫೋನ್ ಎತ್ತುತ್ತಿಲ್ಲ. ಮಾಲೀಕನಿಗೆ ಬೇಹುಗಾರ ಬೇಕೇ ಆಗಲಿಲ್ಲ ಕಣ್ರೀ, ನನ್ನಂಥ ಬೆಂಬಲಿಗನೊಬ್ಬ ಸಾಕಾದ.