ಬಿದ್ದದ್ದೋ ಕುಂತದ್ದೋ

ಕಲಬುರಗಿಯ ಗಾಜಿಪುರಕ್ಕೆ ಬಂದ ಮೂರನೆಯ ದಿನ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದೆ. ಇನ್ನೊಂದು ದಾರಿಯಲ್ಲೆಲ್ಲೋ ಕಳಚಿಬಿದ್ದದ್ದು ನನಗೆ ಗೊತ್ತೇ ಆಗಿರಲಿಲ್ಲ. ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಮನೆಯೊಡತಿ ನನ್ನ ಎಡಗಾಲು ನೋಡಿ, "ಏನ್ ಬೇಟಾ, ಒಂದ್ ಚಪ್ಲಿ ಯಾರಿಗಿ ದಾನ ಕೊಟ್ಟಿ?" ಎಂದರು.

ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಕೆಡುವ ಕಾಯಿಲೆ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಎಡಪಾದಕ್ಕೆ ಹಿಡಿದ ಜೋಮು ಆಮೇಲೆ ಬಿಡಲಿಲ್ಲ. ಅದು ನೆನಪಿಗೂ ಕೈಹಾಕಬಹುದೆಂದು ಡಾಕ್ಟರು ಹೇಳಿದ್ದಾರೆ. ಒಬ್ಬನೇ ಸಾಕ್ಷಿಯನ್ನು ನಂಬಬಾರದೆಂದು ಇತಿಹಾಸದ ಎಂ.ಎ.ಯಲ್ಲಿ ಕಲಿತವನು ನಾನು. ಈಗ ಆ ಸಾಕ್ಷಿ ನಾನೇ. ಹಾಗಾಗಿ ಅದು ಮೂರನೆಯ ದಿನವೋ ನಾಲ್ಕನೆಯದೋ, ಆಣೆ ಮಾಡಲಾರೆ.

ನಮ್ಮ ಕಮಲಾಪುರದಲ್ಲಾಗಿದ್ದರೆ ಆ ಚಪ್ಪಲಿ ಸಂಜೆಯೊಳಗೆ ಮನೆ ಸೇರುತ್ತಿತ್ತು. ಕೆಂಪು ಬಾಳೆಹಣ್ಣು ಮಾರುವವರೋ ಬಸ್ ಸ್ಟ್ಯಾಂಡಿನ ಚಹಾದವರೋ ಅದನ್ನು ಅವ್ವನ ಕೈಗೆ ಕೊಟ್ಟು, ನನ್ನ ಕಾಲಿನ ಸಮಾಚಾರವನ್ನೂ ಕೇಳಿ ಹೋಗುತ್ತಿದ್ದರು. ಕಲಬುರಗಿಯಲ್ಲಿ ಯಾರೂ ಕೇಳುವುದಿಲ್ಲ. ಮೊದಮೊದಲು ಅದೇ ಸುಖವೆನಿಸಿತು. ಆಮೇಲಾಮೇಲೆ, ರವಿವಾರ ಮಧ್ಯಾಹ್ನಗಳಲ್ಲಿ, ಯಾರಾದರೂ ಕೇಳಬಾರದೇ ಎನಿಸತೊಡಗಿತು.

ದಿನಾ ಬಸ್ಸಿನ ಓಡಾಟ ಮೈಗೆ ಆಗದೆ, ಜೇವರ್ಗಿ ಕಾಲೋನಿಯ ಟ್ಯೂಷನ್ ಕೆಲಸ ಬಿಡಲಾಗದೆ ಈ ಕೋಣೆ ಹಿಡಿದಿದ್ದೆ. ಅವ್ವ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಮನೆಯೊಡತಿಗೆ ತನ್ನ ನಂಬರು ಕೊಟ್ಟು, "ಒಂದ್ ಸಲ ಬಿದ್ರೂ ಫೋನ್ ಹಚ್ರಿ, ಕರ್ಕೊಂಡ್ ಹೋಗ್ತೀನಿ" ಎಂದಿದ್ದಳು.

ಮನೆಯೊಡತಿಯನ್ನು ನಾನು ಖಾಲಾ ಎನ್ನುತ್ತೇನೆ, ಅಂದರೆ ಚಿಕ್ಕಮ್ಮ. ಅವರ ದಖ್ಖನಿ ಉರ್ದುವಿನಲ್ಲಿ ನಾನು ಮೊದಲು ಕಲಿತ ಮಾತು 'ನಕ್ಕೋ', ಬೇಡ. ನಾನು ನಕ್ಕೋ ಎಂದಷ್ಟೂ ಅವರು ಅನ್ನದ ಮೇಲೆ ಖಟ್ಟಾ ಸುರಿಯುತ್ತಾರೆ. ಅದು ಹುಣಸೆಹುಳಿಯ ತೆಳು ಸಾರು. ಕಡಕ್ ರೊಟ್ಟಿ, ಪುಂಡಿಪಲ್ಯದಲ್ಲಿ ಬೆಳೆದ ನಾಲಿಗೆ ಅದನ್ನು ಒಪ್ಪಲು ತಿಂಗಳೇ ಹಿಡಿಯಿತು.

ಎಪ್ರಿಲ್ ಬಂತು. ಈ ಕಾಯಿಲೆಗೆ ಬಿಸಿಲು ಆಗದು. ಮೈ ಕಾದಂತೆ ಕಾಲು ಒದ್ದೆ ಬಟ್ಟೆಯಂತೆ ಜೋಲುತ್ತದೆ. ಒಂದು ಮಧ್ಯಾಹ್ನ ಟ್ಯೂಷನ್ ಮುಗಿಸಿ ಬಂದವನು ಅಂಗಳದಲ್ಲೇ ಕುಸಿದೆ. ಖಾಲಾ ಒಳಗಿನಿಂದ ಫೋನ್ ಹಿಡಿದೇ ಬಂದರು. ಈ ಊರಿನ ಬದುಕು ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅವರು ಮಾತ್ರ ನಂಬರು ಒತ್ತುವ ಮೊದಲು ಬಗ್ಗಿ ಕೇಳಿದರು.

"ಬಿದ್ದಿಯೇನು, ಕುಂತಿಯೇನು?"

"ಕುಂತೀನ್ರಿ, ಖಾಲಾ."

"ಹಂಗಾರ ಕುಂತಾನಂತೇ ಹೇಳ್ತೀನಿ."

ಕುತ್ತಿಗೆಗೆ ತಣ್ಣೀರಿನ ಬಟ್ಟೆ ಸುತ್ತಿ, ನಡುಮನೆಯ ತಣ್ಣನೆಯ ಶಹಾಬಾದಿ ಕಲ್ಲಿನ ನೆಲದ ಮೇಲೆ ಮಲಗಿಸಿದರು. ನಾನು ಏಳುವಷ್ಟರಲ್ಲಿ, ನನ್ನ ಹೊಸ ಚಪ್ಪಲಿಗಳ ಹಿಮ್ಮಡಿಗೆ ದಬ್ಬಣದಿಂದ ಎಲಾಸ್ಟಿಕ್ ಪಟ್ಟಿ ಹೊಲಿದಿದ್ದರು, ನಡೆಯಲು ಕಲಿಯುವ ಮಕ್ಕಳಿಗೆ ಇರುತ್ತದಲ್ಲ, ಹಾಗೆ. ನಾಚಿಕೆಯಾಯಿತು. ಆದರೆ ಅಂದಿನಿಂದ ಚಪ್ಪಲಿ ಕಳೆದಿಲ್ಲ.

ಮುಂದಿನ ವಾರ ಊರಿಗೆ ಹೋದೆ. ನಾನು ಹೊಸ್ತಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ಅವ್ವ ಎತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. ಕೋಣೆ ಖಾಲಿ ಮಾಡು ಎನ್ನುತ್ತಾಳೆಂದು ಕಾದೆ.

"ಅವ್ರು ಫೋನ್ ಮಾಡಿದ್ರು. ಅಂಗಳದಾಗ ಕುಂತಿದ್ದಿಯಂತ."

ಹೌದೆಂದು ತಲೆಯಾಡಿಸಿದೆ. ಆಕೆ ಒಳಗೆ ಹೋಗಿ ಸೂಜಿ ದಾರ ತಂದು, ಎರಡೂ ಪಟ್ಟಿಗಳಿಗೆ ಇನ್ನೊಂದು ಸುತ್ತು ಹೊಲಿಗೆ ಹಾಕತೊಡಗಿದಳು. ದಾರವನ್ನು ಹಲ್ಲಿನಿಂದ ಕಡಿದು, ನನ್ನ ಮುಖ ನೋಡದೆಯೇ ಹೇಳಿದಳು: "ಇನ್ನೊಮ್ಮಿ ಕುಂದ್ರೂದಿದ್ರ ನೆರಳಾಗ ಕುಂದ್ರು, ತಮ್ಮಾ."

ಮರುದಿನ ಆಕೆಯೇ ಬಸ್ಸಿಗೆ ಹತ್ತಿಸಿದಳು.

ಅವ್ವನದು ಕಪ್ಪು ದಾರ, ಖಾಲಾರದು ಹಸಿರು ಎಂದು ಬರೆಯಲಿದ್ದೆ. ಅನುಮಾನ ಬಂದು ಎದ್ದು ಹೋಗಿ ನೋಡಿದೆ. ಎರಡೂ ಬಣ್ಣ ಇವೆ. ಯಾವುದು ಯಾರದೆಂದು ಈಗ ಹೇಳಲಾರೆ. ಜೋಮು ಹಿಡಿದ ಎಡಗಾಲಿಗಂತೂ ಎರಡೂ ತಿಳಿಯುವುದಿಲ್ಲ. ಆಗಾಗ ಬಗ್ಗಿ ನೋಡಿಕೊಂಡು, ಎರಡೂ ಇವೆ ಎಂದು ಖಾತ್ರಿ ಮಾಡಿಕೊಂಡು ಮುಂದೆ ನಡೆಯುತ್ತೇನೆ.